ಚಿಕ್ಕವೆಂಕಟಪ್ಪನ ಮೊದಲ ಗುದ್ದು

ಕಾರಿಗೆ ಹೊದಿಸಿದ್ದ ಬೂದು ಹೊದಿಕೆಯನ್ನು ಮುಂಭಾಗದಿಂದ ಮೊಳದಷ್ಟು ಎತ್ತಿ ನೋಡಿ, ಮತ್ತೆ ಇಳಿಬಿಟ್ಟು, ಚಿಕ್ಕವೆಂಕಟಪ್ಪ ಬೀದಿಯ ಎರಡೂ ಕಡೆ ಕಣ್ಣಾಡಿಸಿದ. ಸೋಮವಾರ ಬೆಳಿಗ್ಗೆ ಏಳು ಗಂಟೆ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗಗಳು ಆಗಲೇ ಶುರುವಾಗಿದ್ದವು, ಆ ಸದ್ದಿನಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಕೇಳುವಂತಿರಲಿಲ್ಲ. ಆದರೂ ಅವನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಿನ್ನೆ ಮಧ್ಯಾಹ್ನದಿಂದ ಹೀಗೆ ಹೊದಿಕೆ ಎತ್ತಿ ನೋಡುತ್ತಿರುವುದು ಇದು ಆರನೆಯ ಸಲ. ಪ್ರತಿ ಸಲವೂ ಬಂಪರಿನ ಬಿರುಕು ಅಷ್ಟೇ ಇತ್ತು. ಬೆಳೆದಿರಲಿಲ್ಲ, ಕೂಡಿಕೊಂಡೂ ಇರಲಿಲ್ಲ. ನಂಬರ್ ಪ್ಲೇಟಿನ ಮೇಲೆ ಅಡ್ಡಲಾಗಿ ಒಂದು ಗೇಣು. ಅದರ ಮೇಲಿನ ಕಂಪನಿಯ ಲಾಂಛನ ಒಂದು ಪಕ್ಕಕ್ಕೆ ಸ್ವಲ್ಪ ವಾಲಿತ್ತು. ಬಿರುಕನ್ನಾದರೂ ಪೇಂಟ್ ಹೊಡೆಸಿ ಮುಚ್ಚಬಹುದು. ಒಳಗೆ ಸ್ಟೇರಿಂಗಿನ ಹಿಂದೆ ಹೊತ್ತಿಕೊಂಡಿರುವ ಹಳದಿ ದೀಪವನ್ನು ಏನು ಮಾಡುವುದು? ಮುಂದಿನ ರಾಡಾರ್ ಕೆಲಸ ಮಾಡುತ್ತಿಲ್ಲ ಎಂದು ಅದು ಗಾಡಿ ಚಾಲೂ ಮಾಡಿದಾಗಲೆಲ್ಲ ಬರೆದು ತೋರಿಸುತ್ತಿತ್ತು. ಗುದ್ದಿದ್ದು ಒಂದು ಸಲ, ಹೇಳುವುದು ನೂರು ಸಲ.

ಚಿಕ್ಕವೆಂಕಟಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಆ ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಗೂ ಟಯರು ತಾಗಿಸಲಿಲ್ಲ ಎಂಬುದು ಅವನ ಆಸ್ತಿ. ಅದಕ್ಕೆ ಸಾಕ್ಷಿಯಾಗಿ ಮೊದಲು ಬೆಳ್ಳಿ ಪದಕ, ಆಮೇಲೆ ಚಿನ್ನದ ಪದಕ, ಎರಡೂ ಗಾಜಿನ ಚೌಕಟ್ಟಿನೊಳಗೆ ನಡುಮನೆಯಲ್ಲಿ ತೂಗುತ್ತಿದ್ದವು. ಮದುವೆ ಮನೆಗಳಲ್ಲಿ ಅವನ ಗುರುತು ಹೇಳುವವರು ಊರು, ಕುಲ ಬಿಟ್ಟು ಮೊದಲು ಇದನ್ನೇ ಹೇಳುತ್ತಿದ್ದರು. ಹೀಗಿರುವಾಗ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವ ಮಗಳು ಅಕ್ಷತ ಹೋದ ವರ್ಷ ಈ ಕಾರು ಕೊಂಡು ತಂದು, ಇದು ತಾನಾಗಿಯೇ ಬ್ರೇಕ್ ಹಾಕುತ್ತದೆ, ಗೆರೆ ದಾಟಿದರೆ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ ಎಂದೆಲ್ಲ ವಿವರಿಸಿ, "ನಿನಗೋಸ್ಕರನೇ ಕಣಪ್ಪ ಇದೆಲ್ಲ ಇರೋ ಮಾಡೆಲ್ ತಗೊಂಡಿದ್ದು, ವಯಸ್ಸಾಯ್ತಲ್ಲ" ಅಂದಿದ್ದಳು. ಪ್ರೀತಿಯಿಂದ ಅಂದದ್ದೇ. ಆ ಪ್ರೀತಿಯೇ ಅವನಿಗೆ ಚುಚ್ಚಿತ್ತು. ಅಂದಿನಿಂದ ಕಾರಿಗೂ ಅವನಿಗೂ ಸರಿಯಿರಲಿಲ್ಲ. ಎರಡು ಗಂಟೆ ಓಡಿಸಿದರೆ ಅದು ಕಾಫಿ ಲೋಟದ ಚಿತ್ರ ತೋರಿಸಿ, ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಿತ್ತು. ಇವನು ಹಟಕ್ಕೆ ಇನ್ನೂ ಅರ್ಧ ಗಂಟೆ ಓಡಿಸುತ್ತಿದ್ದ. ಸ್ಟೇರಿಂಗು ಕೈಯೊಳಗೆ ಮೆಲ್ಲಗೆ ತಿರುಗಿದಾಗ, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಮೇಷ್ಟರ ಜೊತೆ ಜಗಳವಾಡುವಂತೆ ಇವನು ಅದರ ಎದುರು ಕಡೆಗೆ ಎಳೆಯುತ್ತಿದ್ದ. ಈಗ ಅಕ್ಷತ ತರಬೇತಿಗೆಂದು ಹೈದರಾಬಾದಿಗೆ ಹೋಗಿದ್ದಳು. ಗುರುವಾರ ಸಂಜೆ ಬರುತ್ತಾಳೆ. ಅಷ್ಟರೊಳಗೆ ಬಿರುಕು ಮುಚ್ಚಬೇಕು, ದೀಪ ಆರಬೇಕು. ಇಲ್ಲವಾದರೆ ಕೀ ಹೋಗುತ್ತದೆ. ಕೀ ಹೋದರೂ ಹೋಗಲಿ, ಅಪ್ಪ ಗುದ್ದಿಬಿಟ್ಟನಂತೆ ಎಂಬ ಮಾತು ಬರುತ್ತದೆ. ಅದನ್ನು ನೆನೆದರೇ ಅವನ ಕಿವಿ ಬಿಸಿಯಾಗುತ್ತಿತ್ತು.

ಆದದ್ದಾದರೂ ಏನು? ಭಾನುವಾರ ಕುಂದಾಣದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಊಟ ಮುಗಿಸಿ, ಹೆಂಡತಿ ಅಕ್ಕಯಮ್ಮ ಎರಡು ದಿನ ಅಲ್ಲೇ ಇರುತ್ತೇನೆಂದದ್ದರಿಂದ ಒಬ್ಬನೇ ಹೊರಟ. ಊರು ದಾಟಿದ ಮೇಲೆ ತಿರುವಿನಲ್ಲಿ ಸಿಮೆಂಟ್ ಇಟ್ಟಿಗೆ ಹೇರಿದ ಟ್ರ್ಯಾಕ್ಟರ್ ಟ್ರೈಲರೊಂದು ನಿಂತಿತ್ತು. ಕಾಣಿಸಿತ್ತು, ಚೆನ್ನಾಗಿಯೇ ಕಾಣಿಸಿತ್ತು. ಕಾರು ಏನೋ ಕೂಗಿತು, ಇವನು ಬ್ರೇಕು ತುಳಿದ, ಮರುಕ್ಷಣ ಕಾರಿನ ಮೂತಿ ಟ್ರೈಲರಿನ ಹಿಂಬದಿಯ ಕಬ್ಬಿಣಕ್ಕೆ ತಾಗಿತ್ತು. ಬ್ರೇಕು ತುಳಿದದ್ದು ಅವನಿಗೆ ಸ್ಪಷ್ಟವಾಗಿ ನೆನಪಿದೆ, ಅಂಗಾಲಿನಲ್ಲಿಯೇ ನೆನಪಿದೆ. ಅಂದರೆ ಕಾರೇ ಕೈಕೊಟ್ಟಿತು. ಟ್ರ್ಯಾಕ್ಟರಿನವನು ಇಳಿದು ಬಂದ. ಬೈಯಲಿ ಎಂದು ಕಾದು ನಿಂತರೆ ಅವನು ತನ್ನ ಟ್ರೈಲರನ್ನು ಕೈಯಿಂದ ಒಂದು ಸಲ ಸವರಿ, "ನಂದಕ್ಕೇನೂ ಆಗಿಲ್ಲ ಬುಡಿ ಯಜಮಾನ್ರೆ. ನಿಮಗೇನಾರಾ ಆಯ್ತಾ? ನೀರು ಕುಡೀತೀರಾ?" ಎಂದು ಕೇಳಿದ. ಆ ನೀರಿನ ಬಾಟಲಿಯನ್ನು ನೆನೆದಾಗಲೆಲ್ಲ ಅವನಿಗೆ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಸೋಮವಾರ ಕಂಪನಿಯ ಸರ್ವೀಸ್ ಸೆಂಟರಿಗೆ ಹೋದ. ತಣ್ಣನೆಯ ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ರಾಡಾರನ್ನೇ ಹೊಸದು ಹಾಕಬೇಕು, ಒಂದು ಲಕ್ಷ ನಲವತ್ತೆರಡು ಸಾವಿರ, ಸಾಮಾನು ಬರಲು ಹತ್ತು ದಿನ ಎಂದರು. ವಿಮೆಯಲ್ಲಿ ಮಾಡಿಸಬಹುದಲ್ಲ ಸಾರ್, ಪಾಲಿಸಿಗೆ ಕೊಟ್ಟಿರುವ ಮೊಬೈಲಿಗೆ ಒಂದು ಸಂದೇಶ ಬರುತ್ತದೆ, ಅದರಲ್ಲಿರುವ ನಂಬರ್ ಹೇಳಿದರಾಯಿತು ಎಂದು ಧೈರ್ಯವನ್ನೂ ಹೇಳಿದರು. ಆ ಮೊಬೈಲು ಹೈದರಾಬಾದಿನಲ್ಲಿ ಅಕ್ಷತಳ ಕೈಯಲ್ಲಿತ್ತು. ಚಿಕ್ಕವೆಂಕಟಪ್ಪ ಕಾಫಿ ಪೂರ್ತಿ ಕುಡಿದು ಎದ್ದು ಬಂದ. ಸಂಜೆ ಡಿಪೋದ ಹಳೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿ, ಪಕ್ಕದ ಮನೆಯವರ ಗಾಡಿ ಪಾಪ, ಯಾರೋ ಗುದ್ದಿಬಿಟ್ಟಿದ್ದಾರೆ ಎಂದು ಶುರುಮಾಡಿದ. ಆತ ಹೊಸಕೋಟೆಯ ಹತ್ತಿರ ಪಿಲ್ಲಗುಂಪೆಯಲ್ಲಿ ಪಿಳ್ಳಣ್ಣನ ಗ್ಯಾರೇಜು ಇದೆ, ಈಗ ಅವನ ಮಗಳೇ ಇಂಥ ಕೆಲಸ ಮಾಡುತ್ತಾಳೆ, ಕೈ ಚೆನ್ನಾಗಿದೆ ಎಂದು ಹೇಳಿ, ಕೊನೆಯಲ್ಲಿ, "ಪಕ್ಕದ ಮನೆಯವರಿಗೆ ಹೇಳು ವೆಂಕ್ಟಪ್ಪ, ಬೇಜಾರು ಮಾಡ್ಕೋಬೇಡಿ ಅಂತ" ಎಂದ. ಅವನಿಗೆ ತಿಳಿದುಹೋಯಿತೇ ಎಂಬುದು ಇನ್ನೊಂದು ಚಿಂತೆಯಾಯಿತು.

ಮಂಗಳವಾರ ದೇವನಹಳ್ಳಿ ದಾಟಿ ಹೊಸಕೋಟೆ ಕಡೆಗೆ ಹೊರಟಾಗ ಕಾರು ಒಂದು ಮಾತನ್ನೂ ಆಡಲಿಲ್ಲ. ರಾಡಾರು ಸತ್ತಿತ್ತಲ್ಲ, ಗೆರೆ ತುಳಿದರೂ ಕೇಳುವವರಿಲ್ಲ, ಮುಂದಿನ ಗಾಡಿಗೆ ಅಂಟಿಕೊಂಡು ಹೋದರೂ ಹೇಳುವವರಿಲ್ಲ. ಮೊದಲ ಐದು ಮೈಲಿ ಅವನಿಗೆ ಖುಷಿಯಾಯಿತು. ಆಮೇಲೆ ಏನೋ ಕಡಿಮೆಯಾದಂತೆ, ಬೆನ್ನ ಹಿಂದೆ ಇರಬೇಕಾದ ಯಾರೋ ಇಲ್ಲದಂತೆ ಆಯಿತು. ಹತ್ತೊಂಬತ್ತು ವರ್ಷದ ಹಿಂದಿನ ಬಸ್ಸು ಕಣ್ಣ ಮುಂದೆ ಬಂತು. ಮುಂದ್ ಹೋಗಿ, ಮುಂದ್ ಹೋಗಿ, ಒಳಗೆಲ್ಲ ಖಾಲಿ ಐತೆ, ಬಾಗಿಲಲ್ಲೇ ಸಂಸಾರ ಹೂಡಬೇಡಿ ಎಂದು ಸಂಜೀವಪ್ಪ ಹಿಂದಿನಿಂದ ಕೂಗುತ್ತಿದ್ದಾನೆ. ಸಾಸಲಿನ ಕೊನೆಯ ಟ್ರಿಪ್ಪು, ಸಂಜೆಯ ಬಿಸಿಲು ಓರೆಯಾಗಿ ಕಣ್ಣಿಗೆ ಹೊಡೆಯುತ್ತಿದೆ. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ, ಅವನು ಕಂಡಕ್ಟರು, ಇವನು ಡ್ರೈವರು. ಅವನು ವಿಸಲ್ ಊದಿದಂತೆ ಇವನ ಕಾಲು. ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಸಾಸಲಿನ ಆಲದಮರದ ಹತ್ತಿರ ಮುದುಕಿಯೊಬ್ಬಳು ಇಳಿಯುತ್ತಿದ್ದಾಳೆ, ಒಂದು ಕಾಲು ನೆಲದ ಮೇಲೆ, ಒಂದು ಮೆಟ್ಟಿಲ ಮೇಲೆ, ಬಸ್ಸು ಹೊರಟುಬಿಟ್ಟಿತು. ಮೊಣಕಾಲು ತರಚಿತು, ಕೈ ಊದಿತು, ಅಷ್ಟೇ. ಆದರೆ ಅವಳ ಮಗ ದೂರು ಕೊಟ್ಟ. ವಿಚಾರಣೆಯಲ್ಲಿ ಸಂಜೀವಪ್ಪ ಎದ್ದು ನಿಂತು, ಡ್ರೈವರ್ದು ಏನೂ ತಪ್ಪಿಲ್ಲ ಸಾರ್, ಅವಳು ಇಳಿಯೋ ಮುಂಚೆ ನಾನೇ ತಪ್ಪಾಗಿ ಎರಡು ವಿಸಲ್ ಊದಿಬಿಟ್ಟೆ ಅಂದ. ಅವನಿಗೆ ಒಂದು ವರ್ಷದ ವೇತನ ಬಡ್ತಿ ನಿಂತಿತು, ಬೇರೆ ರೂಟಿಗೆ ಹಾಕಿದರು. ಇವನಿಗೆ ಆರು ತಿಂಗಳ ಮೇಲೆ ಚಿನ್ನದ ಪದಕ ಬಂತು. ಸಂಜೀವಪ್ಪ ಊದಿದ್ದು ಒಂದೇ ಎಂದು ಚಿಕ್ಕವೆಂಕಟಪ್ಪನಿಗೆ ಗೊತ್ತಿತ್ತು. ನಿಲ್ಲಿಸು ಎನ್ನುವ ಒಂದೇ ಒಂದು. ಅದನ್ನು ಯಾರಿಗೂ ಹೇಳಲಿಲ್ಲ, ಸಂಜೀವಪ್ಪನ ಮುಖ ನೋಡಲು ಆಗದೆ ಸಾಸಲಿನಲ್ಲೇ ಇದ್ದ ಅವನ ಮನೆಯ ಕಡೆಗೂ ಹೋಗಲಿಲ್ಲ. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆದಾಗ ನೋಡಿಕೊಂಡರೆ ಸೂಲಿಬೆಲೆ ದಾಟಿ ಬಂದಾಗಿತ್ತು.

ಪಿಳ್ಳಣ್ಣನ ಗ್ಯಾರೇಜು ಕಾರ್ಖಾನೆಗಳ ಹಿಂದಿನ ಸಾಲಿನಲ್ಲಿ, ಎರಡು ತಗಡಿನ ಮಾಡುಗಳ ಜಾಗ. ಒಂದರ ಕೆಳಗೆ ಪಿಳ್ಳಣ್ಣ ಯಾವುದೋ ಟೆಂಪೋದ ಬಾಗಿಲು ಬಡಿಯುತ್ತಿದ್ದ. ಇನ್ನೊಂದರ ನೆಲ ಕಲ್ಯಾಣ ಮಂಟಪದ ನೆಲದಂತೆ ನುಣ್ಣಗಿತ್ತು. ಮಗಳು ನವ್ಯಶ್ರೀಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಸೆನ್ಸಾರ್ ಮಾಡುವ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಪರೀಕ್ಷೆ ವಿಭಾಗದಲ್ಲಿದ್ದವಳು, ಈಗ ಅಪ್ಪನ ಜಾಗದಲ್ಲೇ ಸ್ವಂತ ಕೆಲಸ. ಅವಳು ಬಗ್ಗಿ ಬಿರುಕು ನೋಡಿದಳು, ಲಾಂಛನವನ್ನು ಬೆರಳಿಂದ ಮುಟ್ಟಿದಳು.

"ಏನಾಯ್ತು ಅಂಕಲ್?"

"ನಾನು ನಿಂತಿದ್ದೆ ಕಣಮ್ಮ. ಟ್ರ್ಯಾಕ್ಟರಿನವನು ಹಿಂದಕ್ಕೆ ಬಂದ್ಬಿಟ್ಟ."

ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ದಾರಿಯಲ್ಲಿ ಯೋಚಿಸಿಯೂ ಇರಲಿಲ್ಲ.

ಅವಳು ಹೂಂ ಅಂದು ಬಂಪರು ಬಿಚ್ಚಿದಳು. ಒಳಗೆ ಅಂಗೈಯಗಲದ ಕರಿಯ ಡಬ್ಬಿಯೊಂದು ಕೂತಿತ್ತು. ಇಷ್ಟು ದಿನ ತನಗೆ ಬುದ್ಧಿ ಹೇಳುತ್ತಿದ್ದದ್ದು ಈ ಡಬ್ಬಿಯೇ ಎಂದು ತಿಳಿದು ಅವನಿಗೆ ಸ್ವಲ್ಪ ಅವಮಾನವಾಯಿತು. ಎದುರಾಳಿ ಇನ್ನೂ ದೊಡ್ಡವನಿರಬೇಕಿತ್ತು. "ಡಬ್ಬಕ್ಕೇನೂ ಆಗಿಲ್ಲ," ಅಂದಳು ನವ್ಯಶ್ರೀ, "ಇದನ್ನ ಹಿಡ್ಕೊಂಡಿರೋ ತಗಡು ಬಗ್ಗಿದೆ ಅಷ್ಟೆ. ಎರಡು ಡಿಗ್ರಿ ಕೆಳಕ್ಕೆ ನೋಡ್ತಿದೆ. ರಸ್ತೆ ಬಿಟ್ಟು ನೆಲ ನೋಡ್ಕೊಂಡು ನಡೆಯೋರ ಥರ. ತಗಡು ಬದಲಾಯಿಸಿ, ನೆಟ್ಟಗೆ ಕೂರಿಸಿ, ಬಂಪರ್ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿದ್ರೆ ಆಯ್ತು. ಒಂಬತ್ತು ಸಾವಿರ ಆಗತ್ತೆ. ಬಿರುಕು ರಾಡಾರ್ ಮುಂದೆ ಬಂದಿಲ್ಲ, ನಿಮ್ಮ ಪುಣ್ಯ. ಅಲ್ಲಿ ಬಂದಿದ್ರೆ ಬಂಪರೇ ಹೊಸದು ಹಾಕಿ ಅಂತಿದ್ದೆ."

ಚಿಕ್ಕವೆಂಕಟಪ್ಪನಿಗೆ ಅವಳ ತಲೆಯ ಮೇಲೆ ಕೈಯಿಟ್ಟು ಹರಸಬೇಕು ಅನ್ನಿಸಿತು. ಮಧ್ಯಾಹ್ನದವರೆಗೆ ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವಳ ಕೆಲಸ ನೋಡಿದ. ಅವಳು ನಾಲ್ಕೂ ಟಯರಿನ ಗಾಳಿ ಸಮ ಮಾಡಿದಳು, ಹಿಂದಿನ ಡಿಕ್ಕಿಯಲ್ಲಿದ್ದ ಅಕ್ಕಿ ಮೂಟೆಯನ್ನು ಇಳಿಸಿದಳು, ಅದಿದ್ದರೆ ಮೂತಿ ಮೇಲೇಳುತ್ತದಂತೆ. ಲಾಂಛನದ ನಡುವಿನಿಂದ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಳತೆ ಟೇಪು ಹಿಡಿದು, ಎದುರಿಗೆ ತಗಡಿನ ಗುರಿಯೊಂದನ್ನು ನಿಲ್ಲಿಸಿದಳು. ಮನೆ ಕಟ್ಟುವ ಗಾರೆಯವರೂ ಹೀಗೇ ಮಾಡುತ್ತಾರೆ. ಇಷ್ಟೆಲ್ಲ ದೊಡ್ಡ ಹೆಸರಿನ ವಿದ್ಯೆಗೂ ಕೊನೆಗೆ ಒಂದು ದಾರ, ಒಂದು ಗುಂಡು ಬೇಕಾಯಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಆಮೇಲೆ ಅವಳು ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ ಲ್ಯಾಪ್‌ಟಾಪಿನ ಮುಂದೆ ಕೂತಳು. ತುಂಬ ಹೊತ್ತು ಓದಿದಳು. ಒಮ್ಮೆ ಇವನ ಕಡೆ ನೋಡಿ ಮತ್ತೆ ಓದಿದಳು.

"ಅಂಕಲ್, ಒಂದು ಮಾತು. ಗುದ್ದೋ ಟೈಮಲ್ಲಿ ಗಾಡಿ ಹನ್ನೆರಡು ಕಿಲೋಮೀಟರಲ್ಲಿ ಹೋಗ್ತಿತ್ತು ಅಂತ ಬರ್ದಿದೆ. ಮುಂಚೆನೇ ಕೂಗಿದೆ. ತಾನೇ ಬ್ರೇಕ್ ಹಾಕೋಕೂ ಹೊರಟಿದೆ. ಅಷ್ಟರಲ್ಲಿ ನೀವು ಆಕ್ಸಿಲರೇಟರ್ ಜೋರಾಗಿ ತುಳಿದಿದ್ದೀರ. ಅದಕ್ಕೆ, ಡ್ರೈವರ್ ಬೇಕು ಅಂತಲೇ ಹೋಗ್ತಿದಾರೆ ಅಂದ್ಕೊಂಡು ಅದು ಬಿಟ್ಟುಬಿಟ್ಟಿದೆ."

ಪಿಳ್ಳಣ್ಣ ಆ ಕಡೆ ಬಾಗಿಲು ಬಡಿಯುವುದನ್ನು ನಿಲ್ಲಿಸಿದ್ದು ಇದೇ ಹೊತ್ತಿಗೆ. ಚಿಕ್ಕವೆಂಕಟಪ್ಪ ತನ್ನ ಬಲಗಾಲನ್ನು ನೋಡಿದ. ಚಪ್ಪಲಿಯಿಂದ ಹೆಬ್ಬೆರಳು ಸ್ವಲ್ಪ ಹೊರಗೆ ಚಾಚಿಕೊಂಡು, ತನಗೇನೂ ಗೊತ್ತಿಲ್ಲವೆಂಬಂತೆ ಇತ್ತು. "ಬ್ರೇಕು ತುಳಿದದ್ದಮ್ಮ ನಾನು," ಅಂದ. ಅವನ ದನಿ ವಿಚಾರಣೆಯ ಕೋಣೆಯಲ್ಲಿ ನಿಂತವನ ದನಿಯಂತೆ ಇತ್ತು. ಅವಳು ವಾದ ಮಾಡಲಿಲ್ಲ. "ದೀಪ ಆರಬೇಕಾದ್ರೆ ಹೆಂಗೂ ಇದನ್ನ ಅಳಿಸ್ಲೇಬೇಕು ಅಂಕಲ್. ಅಳಿಸಿದ ಮೇಲೆ ನಂಗೂ ಕಾಣಲ್ಲ, ಯಾರಿಗೂ ಕಾಣಲ್ಲ. ಅಳಿಸ್ಲಾ?" ಎಂದು ಮೆಲ್ಲಗೆ ಕೇಳಿದಳು. ಇವಳಿಗೂ ಸಂಜೀವಪ್ಪನಿಗೂ ಏನು ವ್ಯತ್ಯಾಸ, ಇಬ್ಬರೂ ತನ್ನ ತಪ್ಪು ಮುಚ್ಚುವವರೇ ಅನ್ನಿಸಿತು. ಹೂಂ ಎಂದು ತಲೆಯಾಡಿಸಲು ಹೋದವನು, "ಸ್ವಲ್ಪ ಇರು" ಅಂದ.

ನಿಲ್ಲಿಸಿ ಮಾಡುವ ಕೆಲಸ ಮುಗಿದಿತ್ತು, ಇನ್ನು ರಸ್ತೆಯ ಮೇಲೆ ಒಂದಷ್ಟು ಓಡಿಸಿ ಅದಕ್ಕೆ ದಾರಿ ಕಲಿಸಬೇಕಂತೆ. ಅವಳು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು, ಇವನು ಓಡಿಸಿದ. ನೇರವಾದ ಹೆದ್ದಾರಿ, ಅರವತ್ತರ ವೇಗ. ಸ್ಟೇರಿಂಗು ಕೈಯೊಳಗೆ ಮೆಲ್ಲಗೆ ಅಲುಗಿತು, ಡಬ್ಬಿಗೆ ಜೀವ ಬಂದಿತ್ತು. ಹತ್ತು ಕಿಲೋಮೀಟರು ಎಲ್ಲ ಸರಿಯಾಗಿತ್ತು. ವಾಪಸು ಬರುವಾಗ ಪಕ್ಕದ ರಸ್ತೆಗೆ ಇಳಿದರು. ಮುಂದೆ ಹೋಗುತ್ತಿದ್ದ ಕೋಸಿನ ಟೆಂಪೋ ಗುಂಡಿಯ ಹತ್ತಿರ ನಿಧಾನವಾಯಿತು. ಕಾರು ಕೂಗಿತು, ಪೀ ಪೀ. ಚಿಕ್ಕವೆಂಕಟಪ್ಪನ ಬಲಗಾಲು ಆಕ್ಸಿಲರೇಟರಿನ ಮೇಲೆ ಇಳಿಯತೊಡಗಿತು. "ಅಂಕಲ್, ಕಾಲು," ಅಂದಳು ನವ್ಯಶ್ರೀ. ಅವನು ಕಾಲು ಕಿತ್ತ, ಕಾರು ತಾನಾಗಿಯೇ ನಿಂತಿತು, ಟೆಂಪೋಗೂ ಅದಕ್ಕೂ ನಡುವೆ ಒಂದು ಮಾರು ಉಳಿದಿತ್ತು. ಟೆಂಪೋದವನಿಗೆ ಏನೂ ಗೊತ್ತಾಗಲಿಲ್ಲ. ಗುಂಡಿ ದಾಟಿಕೊಂಡು ಹೋದ.

ಇವನು ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಎಷ್ಟು ಸಲ ಕೂಗಿತು ಎಂದು ಕೇಳಿದ. ಎರಡು ಸಲ, ಯಾವಾಗಲೂ ಎರಡೇ ಸಲ ಕೂಗುತ್ತದೆ ಅಂದಳು. ಆಗ ಚಿಕ್ಕವೆಂಕಟಪ್ಪನಿಗೆ ನಗು ಬಂತು. ಹೊಟ್ಟೆಯಿಂದ ಎದ್ದು ಬಂದ ನಗುವನ್ನು ತಡೆಯಲಾಗದೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಕ್ಕ. ಹುಡುಗಿ ಗಾಬರಿಯಾದಳು. "ಕಂಡಕ್ಟ್ರು ಒಂದು ವಿಸಲ್ ಊದಿದ್ರೆ ನಿಲ್ಸು ಅಂತಮ್ಮ," ಎಂದು ಕಣ್ಣೊರೆಸಿಕೊಳ್ಳುತ್ತ ಹೇಳಿದ, "ಎರಡು ಊದಿದ್ರೆ ಹೊರಡು ಅಂತ. ದಿನಕ್ಕೆ ಇನ್ನೂರು ಸಲ, ಮೂವತ್ತೊಂದು ವರ್ಷ. ನನ್ನ ಕಾಲು ನನ್ನ ಮಾತು ಕೇಳ್ತಿರಲಿಲ್ಲ, ವಿಸಲ್ ಮಾತು ಕೇಳ್ತಿತ್ತು." ಅವಳೂ ನಕ್ಕಳು. ಎರಡನ್ನು ಒಂದು ಮಾಡಲು ಬರುವುದಿಲ್ಲ, ಆದರೆ ಕೂಗುವುದನ್ನು ತೆಗೆದು ಸ್ಟೇರಿಂಗು ನಡುಗುವ ಹಾಗೆ ಮಾಡಬಹುದು ಎಂದು ಆಗಲೇ ಗುಂಡಿ ಒತ್ತತೊಡಗಿದಳು. ನಗು ನಿಂತ ಮೇಲೆ ಅವನಿಗೆ ಭಯವಾಯಿತು. ಟ್ರೈಲರಿನ ಜಾಗದಲ್ಲಿ ಮನುಷ್ಯರಿದ್ದಿದ್ದರೆ ಎಂಬುದು ಈಗ ಮೊದಲ ಸಲ ಹೊಳೆಯಿತು. ಮೂರು ದಿನದಿಂದ ತಾನು ಹೆದರಿದ್ದೆಲ್ಲ ಮರ್ಯಾದೆಗೆ ಮಾತ್ರ ಎಂದು ನಾಚಿಕೆಯೂ ಆಯಿತು. "ಅಳಿಸು," ಅಂದ, "ಆದ್ರೆ ಅದಕ್ಕೆ ಮುಂಚೆ ಅದರಲ್ಲಿ ಏನು ಬರ್ದಿದೆಯೋ ಅದನ್ನ ನನಗೊಂದು ಕಾಗದದಲ್ಲಿ ತೆಗೆದುಕೊಡು."

ಗುರುವಾರ ಸಂಜೆ ವಿಮಾನ ನಿಲ್ದಾಣದ ಹೊರಗೆ ಕಾರು ಹೊಸದರಂತೆ ಹೊಳೆಯುತ್ತ ನಿಂತಿತ್ತು. ಬಿರುಕಿದ್ದ ಜಾಗ ಬೆರಳಿಗೂ ಸಿಗುತ್ತಿರಲಿಲ್ಲ. ಇಷ್ಟು ಚೆನ್ನಾಗಿ ರಿಪೇರಿಯಾದದ್ದನ್ನು ಹೇಳಿಕೊಳ್ಳುವುದು ಎಷ್ಟು ಕಷ್ಟ. ಹೇಳದಿದ್ದರೆ ನಡೆಯುತ್ತದಲ್ಲ ಎಂದು ಮನಸ್ಸು ಕೊನೆಯ ನಿಮಿಷದವರೆಗೂ ಗೊಣಗುತ್ತಲೇ ಇತ್ತು. ಅಕ್ಷತ ಪೆಟ್ಟಿಗೆ ಎಳೆದುಕೊಂಡು ಬಂದಳು. ಅವನು ಜೇಬಿನಿಂದ ಕಾಗದ ತೆಗೆದು, ಟಿಕೆಟ್ ತೋರಿಸುವವನಂತೆ ಮುಂದೆ ಹಿಡಿದ.

"ನಾನು ಗುದ್ದಿದೆ ಕಣಮ್ಮ. ಭಾನುವಾರ."

ಅವಳು ಕಾಗದ ತೆಗೆದುಕೊಳ್ಳಲಿಲ್ಲ. "ಗೊತ್ತಪ್ಪ," ಅಂದಳು. "ಎರಡೂ ಮುಕ್ಕಾಲಿಗೇ ಗೊತ್ತು. ಗುದ್ದಿದ ತಕ್ಷಣ ಗಾಡಿ ನನ್ನ ಮೊಬೈಲಿಗೆ ಮೆಸೇಜ್ ಕಳಿಸತ್ತೆ. ಏನಾಯ್ತೋ ಅಂತ ಕೈಕಾಲೇ ಆಡ್ಲಿಲ್ಲ ನಂಗೆ. ನಿಂಗೆ ಫೋನ್ ಮಾಡಿದ್ರೆ, ಊಟ ಆಯ್ತು, ಹೋಳಿಗೆ ಚೆನ್ನಾಗಿತ್ತು ಅಂತ ಹತ್ತು ನಿಮಿಷ ಮಾತಾಡಿದೆ. ಸೋಮವಾರ ಸರ್ವೀಸ್ ಸೆಂಟರು, ಮಂಗಳವಾರ ಪಿಲ್ಲಗುಂಪೆ. ಎಲ್ಲ ಕಾಣ್ತಿತ್ತು. ನೀನಾಗೇ ಹೇಳ್ತೀಯೇನೋ ಅಂತ ನೋಡ್ತಿದ್ದೆ."

ನಾಲ್ಕು ದಿನ ತಾನು ಪಟ್ಟ ಪಾಡೆಲ್ಲ ಮಗಳ ಅಂಗೈಯಲ್ಲಿ ಒಂದು ಚುಕ್ಕೆಯಾಗಿ ಓಡಾಡಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಅವಳ ಫೋನಿಗೆ ಗೊತ್ತಿಲ್ಲದ್ದು ಇನ್ನೂ ಒಂದು ತನ್ನ ಹತ್ತಿರ ಉಳಿದಿದೆ ಎಂಬ ವಿಚಿತ್ರವಾದ ಹುಮ್ಮಸ್ಸು ಬಂತು. ವಿಸಲ್ಲಿನ ಕಥೆ, ಸಾಸಲಿನ ಮುದುಕಿ, ಸಂಜೀವಪ್ಪ, ಪದಕ, ಎಲ್ಲವನ್ನೂ ಅಲ್ಲೇ, ಸೆಕ್ಯುರಿಟಿಯವನು ಗಾಡಿ ತೆಗೀರಿ ಗಾಡಿ ತೆಗೀರಿ ಎನ್ನುತ್ತಿದ್ದಂತೆಯೇ ಹೇಳಿ ಮುಗಿಸಿದ. ಅಕ್ಷತ ಕೀಗೆ ಕೈ ಚಾಚಿದಳು. "ಈಗ ನಾನು ಓಡಿಸ್ತೀನಿ. ಇನ್ಮೇಲೆ ಸ್ವಲ್ಪ ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಮಾತ್ರ ನೀನು," ಅಂದಳು. ನಂತರ, "ಸಂಜೀವಪ್ಪನವರ ಮನೆ ಸಾಸಲಲ್ಲಿ ಎಲ್ಲಿ ಬರತ್ತೆ?" ಎಂದು ಕೇಳಿದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಮಗಳು ಸಾಸಲಿಗೆ ಹೋದಾಗ ಸಂಜೀವಪ್ಪ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ತಲೆ ಪೂರ್ತಿ ಬೋಳಾಗಿತ್ತು, ಕಣ್ಣು ಮಾತ್ರ ಹಳೆಯವೇ. ಹತ್ತೊಂಬತ್ತು ವರ್ಷದ ಮೇಲೆ ಬಂದವನನ್ನು ನೋಡಿ ಎದ್ದೇಳಲೂ ಇಲ್ಲ, "ಏನ್ ಡ್ರೈವರ್ರೇ, ಲೇಟು," ಅಂದ. ಚಿಕ್ಕವೆಂಕಟಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ನಿಂತಲ್ಲೇ ಉದುರಿತು. ಅವತ್ತು ನೀನು ಊದಿದ್ದು ಒಂದೇ, ನನಗೆ ಕೇಳಿಸಿತ್ತು, ಮನೆ ಸೇರುವ ಆತುರದಲ್ಲಿ ನಾನೇ ಬಸ್ಸು ಎತ್ತಿಬಿಟ್ಟೆ, ನೀನು ನನ್ನ ತಪ್ಪು ಹೊತ್ತುಕೊಂಡೆ, ನಾನು ಬಾಯಿ ಮುಚ್ಚಿಕೊಂಡು ಪದಕ ಹಾಕಿಸಿಕೊಂಡೆ.

ಸಂಜೀವಪ್ಪ ಅವರೆಕಾಯಿ ಬಿಟ್ಟು ಅವನ ಮುಖವನ್ನೇ ನೋಡಿದ. "ಏನೋ ಹಂಗಂದ್ರೆ? ನಾನು ಊದಿದ್ದು ಎರಡೇ ಕಣೋ."

"ಒಂದೇ."

"ಲೇ, ಊದಿದೋನು ನಾನು. ಚಿಲ್ಲರೆ ಕೊಡೋ ಗಲಾಟೇಲಿ ಬಾಗಿಲ ಕಡೆ ನೋಡ್ಲೇ ಇಲ್ಲ, ಎರಡು ಊದ್ಬಿಟ್ಟೆ. ಇದ್ದದ್ದನ್ನೇ ಹೇಳಿದೆ ಅಲ್ಲಿ. ಅದಕ್ಕೇ ನೀನು ಮುನಿಸ್ಕೊಂಡೆ ಅಂದ್ಕೊಂಡಿದ್ದೆ. ನನ್ನಿಂದ ನಿನ್ನ ಪದಕಕ್ಕೆ ಸಂಚಕಾರ ಬಂದಿತ್ತಲ್ಲ, ಅದಕ್ಕೇ ಈ ಕಡೆ ತಲೆ ಹಾಕ್ಲಿಲ್ಲ ಅಂತ. ಇವತ್ತು ಬರ್ತಾನೆ, ಬೈತಾನೆ, ಸರಿಹೋಗತ್ತೆ ಅಂತ ಎಷ್ಟು ದಿನ ಕಾದೆ ಗೊತ್ತಾ?"

ಚಿಕ್ಕವೆಂಕಟಪ್ಪ ಅವನ ಕಣ್ಣಲ್ಲಿ ಹುಡುಕಿದ. ಇವನು ಈಗಲೂ ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಯೇ? ಅಥವಾ ನಿಜವಾಗಿಯೂ ಎರಡೇ ಊದಿದ್ದನೇ? ಆ ಒಂದು ವಿಸಲ್ಲು ತನ್ನ ಕಿವಿಯಲ್ಲಿ ಇವತ್ತಿಗೂ ಸ್ಪಷ್ಟವಾಗಿದೆ. ಆದರೆ ಬ್ರೇಕು ತುಳಿದದ್ದೂ ಹೀಗೆಯೇ ಸ್ಪಷ್ಟವಾಗಿತ್ತು. ಆ ಬಸ್ಸಿನಲ್ಲಿ ಕರಿಯ ಡಬ್ಬಿ ಇರಲಿಲ್ಲ, ಬರೆದಿಟ್ಟುಕೊಂಡವರು ಯಾರೂ ಇಲ್ಲ. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು, ಹದಿನೈದು ಮೈಲಿ ದೂರದಲ್ಲಿ, ಹತ್ತೊಂಬತ್ತು ವರ್ಷ ಮಾತಿಲ್ಲದೆ ಕಳೆದಿದ್ದರು. ಅದು ಮಾತ್ರ ನಿಜವಾಗಿತ್ತು. ಅವನಿಗೆ ಅಳು ಬಂತು, ಮಗಳು ನೋಡುತ್ತಿದ್ದಾಳೆಂದು ತಡೆಯಲೂ ಇಲ್ಲ.

ಸಂಜೀವಪ್ಪ ಮೊರವನ್ನು ಅವನ ಕಡೆಗೆ ಸರಿಸಿ, ಒಂದು ಹಿಡಿ ಅವರೆಕಾಯಿ ಮುಂದೆ ಹಾಕಿ, ಊಟಕ್ಕೆ ಇರುತ್ತೀಯೋ ಇಲ್ಲವೋ ಹೇಳು, ಒಳಗೆ ಹೇಳಬೇಕು ಅಂದ.

"ಇರ್ತೀನಿ," ಅಂದ ಚಿಕ್ಕವೆಂಕಟಪ್ಪ, ಕಲ್ಲಿನ ಮೇಲೆ ಕೂರುತ್ತ. "ಆದ್ರೆ ನೀನು ಊದಿದ್ದು ಒಂದೇ."